ಕ್ರಾಕೋವ್‌ನಲ್ಲಿ ಸಂಜೆ ಆದಮೇಲೆ ಎಲ್ಲಿಗೆ ಹೋಗೋದು? ಬಾರ್, ಪಬ್, ನೆಲಮಾಳಿಗೆಯ ಜಾಝ್

ಹೊಸಕೆರೆಹಳ್ಳಿ ಹುಡುಗಿ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ಕೆಲಸದ ಮೇಲೆ ಪೋಲೆಂಡಿನ ಕ್ರಾಕೋವ್‌ಗೆ ಬರುತ್ತಿದ್ದೇವೆ. ನಾನು, ನನ್ನ ಗಂಡ. ಮೊದಲ ಕೆಲವು ವಾರ ನಾದಿನಿಯೂ ಜೊತೆಗಿರುತ್ತಾಳೆ. ಮನೆ ರುಚಾಯ್ ಕಡೆ ಸಿಕ್ಕಿದೆ. ಕೋಟೆ, ಚರ್ಚು, ಉಪ್ಪಿನ ಗಣಿ ಇವುಗಳ ಬಗ್ಗೆ ಬೇಕಾದಷ್ಟು ಓದಿದ್ದೇವೆ. ನನ್ನ ಪ್ರಶ್ನೆ ಏನಿದ್ದರೂ ಸಂಜೆಯದ್ದು.

ಯಾವ ವಿಡಿಯೋ ನೋಡಿದರೂ ಒಂದೇ ಮಾತು. ಅಗ್ಗದ ಬಿಯರ್, ಬೆಳಗಿನ ತನಕ ಕುಣಿತ. ನಮಗೆ ಅದು ಬೇಡ. ಕೂತು ಮಾತಾಡುವ ಜಾಗ ಬೇಕು. ಗಂಡನಿಗೆ ಬಿಯರ್ ಇಷ್ಟ. ನಾನು ಒಂದು ಲೋಟ ವೈನ್ ತಗೊಂಡರೆ ಹೆಚ್ಚು. ನಾದಿನಿ ಮುಟ್ಟುವುದೇ ಇಲ್ಲ. ನಾವಿಬ್ಬರೂ ಸಸ್ಯಾಹಾರಿಗಳು. ಆ ಊರಿನವರೇ ಸಂಜೆ ಎಲ್ಲಿಗೆ ಹೋಗುತ್ತಾರೆ? ಅಲ್ಲಿರುವವರು ದಯವಿಟ್ಟು ಹೇಳಿ.

ಪೊದ್ಗುಜೆ ವಾಸಿ

ಸ್ವಾಗತ ಮೇಡಂ. ಒಳ್ಳೆಯ ಪ್ರಶ್ನೆ ಕೇಳಿದ್ದೀರಿ, ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಕ್ರಾಕೋವ್‌ನ ರಾತ್ರಿ ನೆಲದ ಕೆಳಗಿದೆ. ಇದು ನಿಜವಾಗಿಯೂ ಹಾಗೆಯೇ. ಊರಿನ ನಡುವೆ ರೀನೆಕ್ ಎಂಬ ದೊಡ್ಡ ಚೌಕವಿದೆ. 1257ರಲ್ಲಿ ಗೆರೆ ಹಾಕಿ ಮಾಡಿದ್ದು. ಒಂದೊಂದು ಬದಿಯೂ ಸುಮಾರು 200 ಮೀಟರ್. ಏಳು ಶತಮಾನಗಳಲ್ಲಿ ಮಣ್ಣು, ಕಸ, ಹೊಸ ಹೊಸ ಕಲ್ಲುಹಾಸು ಒಂದರ ಮೇಲೊಂದು ಬಿದ್ದು ಬೀದಿಯ ಮಟ್ಟ ಮೇಲೇರಿತು. ಹಳೆಯ ಮನೆಗಳ ನೆಲಮಹಡಿ ಹೀಗೆ ನೆಲಮಾಳಿಗೆಯಾಯಿತು. ಚೌಕದ ಅಡಿಯಲ್ಲಿ 2010ರಲ್ಲಿ ತೆರೆದ ಮ್ಯೂಸಿಯಂ ಒಂದಿದೆ. ಅಲ್ಲಿ ಸುಮಾರು 4 ಮೀಟರ್ ಇಳಿದರೆ ಮಧ್ಯಯುಗದ ಬೀದಿಯೇ ಕಾಣುತ್ತದೆ. ಆಗ ಈ ಊರಿನ ಬಾರ್‌ಗಳೆಲ್ಲ ಯಾಕೆ ಕಮಾನು ಚಾವಣಿಯ ಇಟ್ಟಿಗೆ ಕೋಣೆಗಳಲ್ಲಿವೆ ಎಂದು ಅರ್ಥವಾಗುತ್ತದೆ. ಹೊರಗಿನಿಂದ ನೋಡಿದರೆ ಒಂದು ಸಣ್ಣ ಬಾಗಿಲು, ಕಡಿದಾದ ಮೆಟ್ಟಿಲು. ಒಳಗೆ ಒಂದರ ಹಿಂದೊಂದು ಕೋಣೆ. ಗೋಡೆ ಎಷ್ಟು ದಪ್ಪ ಅಂದರೆ ಮೊಬೈಲ್ ಸಿಗ್ನಲ್ ಬಹಳ ಕಡೆ ಸಿಗುವುದಿಲ್ಲ. ಎಲ್ಲಿ ಸೇರಬೇಕು ಅನ್ನುವುದನ್ನು ಮೇಲೆಯೇ ಮಾತಾಡಿಕೊಂಡು ಇಳಿಯಿರಿ.

ನೆಲಮಾಳಿಗೆಯಲ್ಲಿ ಕೂರುವ ರೂಢಿಗೂ ಒಂದು ಇತಿಹಾಸವಿದೆ. 1956ರಲ್ಲಿ ಪ್ಯೋತ್ರ್ ಸ್ಕ್ಶಿನೆತ್ಸ್ಕಿ ಮತ್ತು ಗೆಳೆಯರು ರೀನೆಕ್‌ನ ಒಂದು ಅರಮನೆಯ ಕೆಳಗೆ 'ಪಿವ್ನಿತ್ಸಾ ಪೊದ್ ಬರಾನಾಮಿ' ಎಂಬ ಕ್ಯಾಬರೆ ಶುರು ಮಾಡಿದರು. ನಮ್ಮಲ್ಲಿ ಕ್ಯಾಬರೆ ಅಂದರೆ ಬೇರೇನೋ ನೆನಪಾಗುತ್ತದೆ. ಇಲ್ಲಿ ಅದು ಹಾಡು, ಕವಿತೆ, ವಿಡಂಬನೆ. ಕಮ್ಯುನಿಸ್ಟ್ ಆಡಳಿತದ ಕಾಲದಲ್ಲಿ ಮೇಲಿನ ಬೀದಿಯಲ್ಲಿ ಹೇಳಲಾಗದ ಮಾತುಗಳು ಕೆಳಗೆ ಹಾಡಾಗಿ ಬರುತ್ತಿದ್ದವು. ಸ್ಕ್ಶಿನೆತ್ಸ್ಕಿ 1997ರಲ್ಲಿ ತೀರಿಕೊಂಡರು. ಅವರಿಗಿಂತ ಹಿಂದೆಯೂ ಇತ್ತು. ಫ್ಲೋರಿಯಾನ್ಸ್ಕಾ ಬೀದಿಯ 'ಯಾಮಾ ಮಿಖಾಲಿಕಾ' ಕೆಫೆ 1895ರದ್ದು. ಅಲ್ಲಿ 1905ರಿಂದ ಚಿತ್ರಕಾರರು, ಕವಿಗಳು ಸೇರಿ 'ಜ್ಯೆಲೋನಿ ಬಾಲೋನಿಕ್' ಎಂಬ ಕ್ಯಾಬರೆ ನಡೆಸುತ್ತಿದ್ದರು. ಆ ಕೆಫೆ ಈಗ ಪ್ರವಾಸಿಗರದ್ದೇ. ಆದರೂ ಒಳಗಿನ ಗೋಡೆ, ಬಣ್ಣದ ಗಾಜು ನೋಡಲು ಒಮ್ಮೆ ಹೋಗಲೇಬೇಕು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಈ ಊರಿನ ಸಂಜೆಯ ಜೀವಾಳ ಕುಡಿತವಲ್ಲ, ಕೂರುವುದು. ಒಂದು ಲೋಟ ಇಟ್ಟುಕೊಂಡು ಗಂಟೆಗಟ್ಟಲೆ ಕೂತರೂ ಯಾರೂ ಬಂದು 'ಇನ್ನೇನು ಬೇಕು' ಎಂದು ಎಬ್ಬಿಸುವುದಿಲ್ಲ. ಹೆಚ್ಚಿನ ಪಬ್‌ಗಳಲ್ಲಿ ಮೇಜಿಗೆ ಯಾರೂ ಬರುವುದೇ ಇಲ್ಲ. ಕೌಂಟರ್‌ಗೆ ಹೋಗಿ ಕೇಳಿ, ಅಲ್ಲೇ ದುಡ್ಡು ಕೊಟ್ಟು ತರಬೇಕು.

ನೀವು ಕೇಳಿದಂಥ ಜಾಗ ಬೇಕಾದರೆ ಕಜಿಮಿಯೆಷ್ ಬಡಾವಣೆಗೆ ಹೋಗಿ. ರೀನೆಕ್‌ನಿಂದ ನಡೆದೇ ಹೋಗಬಹುದು. ಅಲ್ಲಿ ಪ್ಲಾತ್ಸ್ ನೋವಿ ಎಂಬ ಸಣ್ಣ ಚೌಕ. ಅದರ ಅಂಚಿನಲ್ಲೇ 'ಅಲ್ಖೆಮಿಯಾ' ಇದೆ. 1999ರಿಂದ ನಡೆಯುತ್ತಿದೆ. ಮೇಣದ ಬತ್ತಿಯ ಬೆಳಕು, ಹಳೆಯ ಮರದ ಮೇಜು, ಕೆಳಗೆ ಸಂಗೀತ ಕಾರ್ಯಕ್ರಮ. ಅದೇ ಬೀದಿಯಲ್ಲಿ 'ಸಿಂಗರ್'. ಅಲ್ಲಿ ಮೇಜುಗಳೆಲ್ಲ ಹಳೆಯ ಹೊಲಿಗೆ ಯಂತ್ರಗಳೇ. ಬೇಸಿಗೆಯಾದರೆ 'ಮ್ಲೆಚಾರ್ನ್ಯಾ'ದ ಮರದಡಿಯ ಅಂಗಳ. ನೀವು ಬರುವುದು ಅಕ್ಟೋಬರ್‌ನಲ್ಲಿ, ಹಾಗಾಗಿ ಒಳಗಿನ ಕೋಣೆಗಳೇ ಸರಿ. ಡಿಸೆಂಬರ್ ಹೊತ್ತಿಗೆ ಮಧ್ಯಾಹ್ನ 3:40ಕ್ಕೇ ಸೂರ್ಯ ಮುಳುಗುತ್ತದೆ. ಆಗ ಇಂಥ ಕೋಣೆಗಳ ಬೆಲೆ ಗೊತ್ತಾಗುತ್ತದೆ.

ಧಾರವಾಡದ ವಿದ್ಯಾರ್ಥಿ

ಪೊದ್ಗುಜೆ ಅಣ್ಣಾರು ಹೇಳಿದ್ದೆಲ್ಲ ಖರೆ. ನಾನು ವಿದ್ಯಾರ್ಥಿಗಳ ಕಡೆಯಿಂದ ಒಂದೆರಡು ಸೇರಿಸುತ್ತೇನೆ.

ಪ್ಲಾತ್ಸ್ ನೋವಿಯ ನಡುವೆ ಒಂದು ದುಂಡನೆಯ ಕಟ್ಟಡ ಇದೆ, ಒಕ್ರೊಂಗ್ಲಾಕ್ ಅಂತಾರೆ. ಅದರ ಸುತ್ತ ಸಣ್ಣ ಸಣ್ಣ ಕಿಟಕಿಗಳು. ಒಂದೊಂದು ಕಿಟಕಿಯೂ ಒಂದೊಂದು ಅಂಗಡಿ. ಅಲ್ಲಿ ಸಿಗುವುದು ಜಾಪ್ಯೆಕಾಂಕಾ. ಉದ್ದನೆ ಬ್ರೆಡ್ಡನ್ನು ಅರ್ಧ ಸೀಳಿ, ಮೇಲೆ ಅಣಬೆ, ಚೀಸ್ ಹಾಕಿ ಸುಟ್ಟು ಕೊಡುತ್ತಾರೆ. ಮೇಲೆ ಕೆಚಪ್. 1970ರ ದಶಕದಿಂದ ಪೋಲೆಂಡಿನ ಬೀದಿ ತಿಂಡಿ ಅದು. ಸಾದಾ ಜಾಪ್ಯೆಕಾಂಕಾಕ್ಕೆ ಮಾಂಸ ಇರುವುದಿಲ್ಲ, ಹಾಗಾಗಿ ನಿಮಗೆ ಚಿಂತೆ ಇಲ್ಲ. ಒಂದು ಪೂರ್ತಿ ತಿಂದರೆ ರಾತ್ರಿ ಊಟ ಮುಗಿಯಿತು. ರಾತ್ರಿ ತಡವಾಗಿಯೂ ಸಾಲು ಇರುತ್ತದೆ.

ಮಾಂಸ ತಿನ್ನುವವರಿಗೆ ಇನ್ನೊಂದು ಕಡ್ಡಾಯ. ಗ್ಶೆಗುಜೆತ್ಸ್ಕಾ ಬೀದಿಯಲ್ಲಿ ಹಾಲಾ ತಾರ್ಗೋವಾ ಮಾರುಕಟ್ಟೆಯ ಮುಂದೆ ಒಂದು ನೀಲಿ ಬಣ್ಣದ ಹಳೆಯ ನೀಸಾ ವ್ಯಾನು. 1991ರಿಂದ ಅಲ್ಲಿ ಸೌದೆ ಒಲೆಯ ಮೇಲೆ ಸಾಸೇಜ್ ಸುಟ್ಟು ಕೊಡುವ ಪದ್ಧತಿ. ನಾವು ಹೋದಾಗೆಲ್ಲ ರಾತ್ರಿ 8ರ ನಂತರವೇ ಶುರು. ಬಿಳಿ ಕೋಟು ಹಾಕಿದವರು ಒಂದು ಸಾಸೇಜು, ಒಂದು ಬನ್ನು, ಒಂದಿಷ್ಟು ಸಾಸಿವೆ ಕೊಡುತ್ತಾರೆ. ನಿಂತೇ ತಿನ್ನಬೇಕು. ಪಾರ್ಟಿ ಮುಗಿಸಿ ಬಂದ ಹುಡುಗರು, ಟ್ಯಾಕ್ಸಿಯವರು, ಸೂಟು ಹಾಕಿದವರು ಎಲ್ಲ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ನನಗೆ ಈ ಊರು ಬಹಳ ಹಿಡಿಸಿದ್ದು ಆ ಸಾಲಿನಲ್ಲಿ.

ಮೇ ತಿಂಗಳ ತನಕ ಇದ್ದರೆ ಯುವೆನಾಲಿಯಾ ನೋಡಿ. ವಿದ್ಯಾರ್ಥಿಗಳ ಹಬ್ಬ. ಮೇಯರ್ ಊರಿನ ಬೀಗದ ಕೈಯನ್ನು ವಿದ್ಯಾರ್ಥಿಗಳಿಗೆ ಒಪ್ಪಿಸುತ್ತಾರೆ. ವೇಷ ಹಾಕಿಕೊಂಡು ಮೆರವಣಿಗೆ, ಬಯಲಲ್ಲಿ ಸಂಗೀತ. ಯಾಗೆಲೋನಿಯನ್ ವಿಶ್ವವಿದ್ಯಾಲಯ 1364ರದ್ದು. ಊರೇ ವಿದ್ಯಾರ್ಥಿಗಳದ್ದು ಅನ್ನಬಹುದು.

ಪಾಣೆಮಂಗಳೂರು

ಯಾರೂ ಇನ್ನೂ ಜಾಝ್ ಹೇಳಲಿಲ್ಲವಲ್ಲ! ನಾನು ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಕೇಳುತ್ತಾ ಬೆಳೆದವನು. ಹಾಗಾಗಿ ಕ್ರಾಕೋವ್‌ನಲ್ಲಿ ಮೊದಲು ಹುಡುಕಿದ್ದೇ ಸ್ಯಾಕ್ಸೋಫೋನ್ ಎಲ್ಲಿ ನುಡಿಯುತ್ತದೆ ಎಂದು.

ಫ್ಲೋರಿಯಾನ್ಸ್ಕಾ 3ರಲ್ಲಿ, ನೆಲಮಾಳಿಗೆಯಲ್ಲಿ, 'ಉ ಮುನ್ಯಾಕಾ' ಇದೆ. ಯಾನುಷ್ ಮುನ್ಯಾಕ್ ಎಂಬ ಸ್ಯಾಕ್ಸೋಫೋನ್ ವಾದಕರು 1992ರಲ್ಲಿ ತೆರೆದದ್ದು. ಅವರು ತೊಮಾಷ್ ಸ್ತಾಂಕೋ ಅವರ ಐವರ ತಂಡದಲ್ಲಿ ನುಡಿಸಿದವರು. ಸ್ತಾಂಕೋ ಅಂದರೆ ಯುರೋಪಿನ ದೊಡ್ಡ ಟ್ರಂಪೆಟ್ ವಾದಕರಲ್ಲಿ ಒಬ್ಬರು. ಮುನ್ಯಾಕ್ 2016ರಲ್ಲಿ ತೀರಿಕೊಂಡರು. ಕ್ಲಬ್ ಮುಂದುವರಿದಿದೆ. ಅವರು ತಮ್ಮದೇ ಕ್ಲಬ್‌ನಲ್ಲಿ ಎಳೆಯ ಹುಡುಗರನ್ನು ಜೊತೆಗೆ ನಿಲ್ಲಿಸಿಕೊಂಡು ನುಡಿಸುತ್ತಿದ್ದರು. ಕಲಿಸುವುದು ಅಂದರೆ ಹಾಗೆ.

ಪೋಲೆಂಡಿನಲ್ಲಿ ಜಾಝ್ ಕೇಳುವುದಕ್ಕೂ ನಮ್ಮಲ್ಲಿ ಕೇಳುವುದಕ್ಕೂ ವ್ಯತ್ಯಾಸವಿದೆ. ಸ್ಟಾಲಿನ್ ಕಾಲದಲ್ಲಿ ಇದು ಅಮೆರಿಕದ ಸಂಗೀತ ಎಂದು ಆಡಳಿತ ದೂರ ಇಟ್ಟಿತ್ತು. ಜನ ಮನೆಗಳಲ್ಲಿ, ಕೆಳಗಿನ ಕೋಣೆಗಳಲ್ಲಿ ನುಡಿಸುತ್ತಿದ್ದರು. 'ಜದೂಷ್ಕಿ ಜಾಜೋವೆ' ಎಂಬ ಉತ್ಸವ ಕ್ರಾಕೋವ್‌ನಲ್ಲಿ 1954ರಲ್ಲಿ ಶುರುವಾಯಿತು. ಯುರೋಪಿನ ಅತಿ ಹಳೆಯ ಜಾಝ್ ಉತ್ಸವಗಳಲ್ಲಿ ಒಂದು. ನವೆಂಬರ್ ಆರಂಭದಲ್ಲಿ, ಸತ್ತವರನ್ನು ನೆನೆಯುವ ದಿನದ ಆಸುಪಾಸಿನಲ್ಲಿ ಬರುತ್ತದೆ. ನೀವು ಅಕ್ಟೋಬರ್‌ನಲ್ಲಿ ಬರುವುದರಿಂದ ಸರಿಯಾಗಿ ಸಿಗುತ್ತದೆ. ದಯವಿಟ್ಟು ಬಿಡಬೇಡಿ. ನಾದಿನಿ ಕುಡಿಯದಿದ್ದರೆ ಏನೂ ಬಾಧಕವಿಲ್ಲ. ಜಾಝ್ ಕೋಣೆಯಲ್ಲಿ ಯಾರ ಲೋಟದಲ್ಲಿ ಏನಿದೆ ಎಂದು ಯಾರೂ ನೋಡುವುದಿಲ್ಲ.

ರೀನೆಕ್ ಮೇಲೇ 'ಹ್ಯಾರಿಸ್ ಪಿಯಾನೋ ಜಾಝ್ ಬಾರ್' ಕೂಡ ಇದೆ. ಗಲಾಟೆ ಸ್ವಲ್ಪ ಜಾಸ್ತಿ. ಆದರೂ ಒಳ್ಳೆಯ ತಂಡ ಬಂದ ದಿನ ಚೆನ್ನಾಗಿರುತ್ತದೆ. ನುಡಿಸುವಾಗ ಮಾತಾಡಬೇಡಿ, ಅಷ್ಟೇ ನನ್ನ ಬಿನ್ನಹ. ನಮ್ಮವರು ಗುಂಪಿನಲ್ಲಿ ಬಂದರೆ ಮಾತು ನಿಲ್ಲುವುದಿಲ್ಲ. ವೇದಿಕೆಯ ಮೇಲಿರುವವರಿಗೆ ಅದು ನೋವು.

ಹೊಸಕೆರೆಹಳ್ಳಿ ಹುಡುಗಿ

ಇಷ್ಟು ಬೇಗ ಇಷ್ಟೊಂದು ಉತ್ತರ! ಎಲ್ಲರಿಗೂ ಧನ್ಯವಾದ. ಪಾಣೆಮಂಗಳೂರು ಸರ್, ಉತ್ಸವದ ಟಿಕೆಟ್ ಈಗಲೇ ನೋಡುತ್ತೇನೆ.

ಇನ್ನೆರಡು ಪ್ರಶ್ನೆ. ಪಬ್‌ಗಳಲ್ಲಿ ಸಸ್ಯಾಹಾರ ಏನು ಸಿಗುತ್ತದೆ? ಮತ್ತು ಕುಡಿಯದವರು ಏನು ಕೇಳಬಹುದು? ಕೋಲಾ ಬಿಟ್ಟು.

ಅರಸೀಕೆರೆ ಅಡುಗೆಮನೆ

ಸಸ್ಯಾಹಾರಿಯಾಗಿ ಇಲ್ಲಿ ಸಂಸಾರ ಮಾಡುತ್ತಿದ್ದೇನೆ, ಹಾಗಾಗಿ ಈ ಪ್ರಶ್ನೆ ನನ್ನದೇ ಅನ್ನಿ.

ಪ್ಯೆರೋಗಿ ರುಸ್ಕ್ಯೆ ಕೇಳಿ. ಆಲೂಗಡ್ಡೆ, ಹಸಿ ಗಿಣ್ಣು, ಈರುಳ್ಳಿ ತುಂಬಿದ ಕಡುಬು. ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಹೂರಣ ಸಸ್ಯಾಹಾರವಾದರೂ ಮೇಲೆ ಹುರಿದ ಹಂದಿಯ ಕೊಬ್ಬಿನ ಚೂರು ಉದುರಿಸುವ ರೂಢಿ ಇದೆ. 'ಬೆಜ್ ಸ್ಕ್ವಾರೆಕ್' ಎಂದು ಹೇಳಿದರೆ ಅದಿಲ್ಲದೆ ಕೊಡುತ್ತಾರೆ. ಬೆಣ್ಣೆ ಸಾಕು ಅಂತಲೂ ಹೇಳಬಹುದು. ಹಳೆಯ ಶೈಲಿಯ ಕಡೆಗಳಲ್ಲಿ ಊಟಕ್ಕೆ ಮೊದಲು ಬ್ರೆಡ್ ಜೊತೆ ಬೆಳ್ಳಗೆ ಬೆಣ್ಣೆಯಂತೆ ಕಾಣುವ ಒಂದು ಬಟ್ಟಲು ಬರುತ್ತದೆ. ಅದು ಬೆಣ್ಣೆಯಲ್ಲ, ಸ್ಮಾಲೆತ್ಸ್, ಅಂದರೆ ಹಂದಿಯ ಕೊಬ್ಬು. ಮುಟ್ಟುವ ಮೊದಲು ಕೇಳಿ. ಅದರ ಪಕ್ಕದಲ್ಲಿ ಬರುವ ಸೌತೆಕಾಯಿಯನ್ನು ಧೈರ್ಯವಾಗಿ ತಿನ್ನಿ. ಸಬ್ಬಸಿಗೆ, ಬೆಳ್ಳುಳ್ಳಿ ಹಾಕಿದ ಉಪ್ಪುನೀರಿನಲ್ಲಿ ಹುಳಿ ಬರಿಸಿದ್ದು. ಮನೆಯ ನೀರುಪ್ಪಿನಕಾಯಿ ಬಾಯಿಗೆ ಬಂದ ಹಾಗಾಗುತ್ತದೆ.

ಪ್ಲಾತ್ಸ್ಕಿ ಎಂಬ ಆಲೂಗಡ್ಡೆ ದೋಸೆಯೂ ಸಿಗುತ್ತದೆ. ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ, ಮೊಟ್ಟೆ ತಿನ್ನದವರು ಬಿಡಿ.

ಕುಡಿಯದವರಿಗೆ ಈ ದೇಶ ಈಗ ಒಳ್ಳೆಯದು. ಆಲ್ಕೋಹಾಲ್ ಇಲ್ಲದ ಬಿಯರ್ ಎಲ್ಲ ಪಬ್‌ನಲ್ಲೂ ಇರುತ್ತದೆ, ಅದರಲ್ಲೇ ಹಣ್ಣಿನ ರುಚಿಯವೂ ಇವೆ. ಅದೂ ಬೇಡ ಅಂದರೆ ಕೊಂಪೊತ್, ಹಣ್ಣುಗಳನ್ನು ನೀರಿನಲ್ಲಿ ಕುದಿಸಿ ಆರಿಸಿದ್ದು. ಚಳಿಗಾಲದಲ್ಲಿ ಶುಂಠಿ, ಕಿತ್ತಳೆ, ಲವಂಗ ಹಾಕಿದ ಬಿಸಿ ಚಹಾ ಕೊಡುತ್ತಾರೆ. ಕಜಿಮಿಯೆಷ್‌ನ ಕೆಫೆಗಳು ಹಗಲು ಕಾಫಿ, ಸಂಜೆ ವೈನ್ ಎಂದು ಒಂದೇ ಮೇಜಿನಲ್ಲಿ ನಡೆಸುತ್ತವೆ. ನಾದಿನಿ ಒಂದು ಪಾಟ್ ಚಹಾ ಇಟ್ಟುಕೊಂಡು ಕೂತರೆ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

ರಾತ್ರಿ ಪಾಳಿ

ಹೆಣ್ಣುಮಕ್ಕಳು ಕೇಳಿದ್ದರಿಂದ ಸುರಕ್ಷತೆಯ ಮಾತು ನಾನು ಹೇಳುತ್ತೇನೆ. ಈ ಊರಿನಲ್ಲಿ ರಾತ್ರಿ ಪಾಳಿ ಮಾಡುತ್ತೇನೆ, ಹೊತ್ತಲ್ಲದ ಹೊತ್ತಿನಲ್ಲಿ ಓಡಾಡುತ್ತೇನೆ. ಹಳೇ ಊರು, ಕಜಿಮಿಯೆಷ್ ಎರಡೂ ಕಡೆ ಜನ ಇರುತ್ತಾರೆ, ದೀಪ ಇರುತ್ತದೆ. ನನಗೆ ಒಬ್ಬಳೇ ನಡೆಯಲು ಹೆದರಿಕೆಯಾಗುವುದಿಲ್ಲ. ಪ್ಲಾಂತಿ ಎಂಬ ಉದ್ಯಾನ ಹಳೇ ಊರನ್ನು ಸುತ್ತುವರಿದಿದೆ. ಅದರೊಳಗಿನ ಕತ್ತಲೆಯ ದಾರಿಗಿಂತ ನಡುರಾತ್ರಿ ಬೀದಿಯ ದಾರಿಯೇ ಮೇಲು. ತುರ್ತಿಗೆ 112.

ಗಂಡಸರಿಗೆ ಒಂದು ಮಾತು. ಇದನ್ನು ಎಲ್ಲ ಭಾರತೀಯ ಗುಂಪುಗಳಿಗೂ ಹೇಳಿ. ರಾತ್ರಿ ರೀನೆಕ್ ಸುತ್ತಲಿನ ಬೀದಿಗಳಲ್ಲಿ ನಿಂತು 'ಬನ್ನಿ, ಒಳಗೆ ಬರಲು ದುಡ್ಡಿಲ್ಲ, ಮೊದಲ ಡ್ರಿಂಕ್ ಉಚಿತ' ಎಂದು ಕರೆಯುವವರಿದ್ದಾರೆ. ಅವರು ಕರೆದುಕೊಂಡು ಹೋಗುವುದು ಬಟ್ಟೆ ಬಿಚ್ಚುವ ನೃತ್ಯದ ಕ್ಲಬ್‌ಗಳಿಗೆ. ಅಲ್ಲಿ ಒಂದು ಬಾಟಲಿಯ ಬಿಲ್ಲು ಸಾವಿರಾರು ಝ್ಲೋತಿ ಆಗಬಹುದು. ಕಾರ್ಡು ಕೈತಪ್ಪಿದರೆ ಒಂದರ ಮೇಲೊಂದು ಕಡಿತ. ನಮ್ಮ ಆಫೀಸಿನ ಒಬ್ಬ ಹುಡುಗನಿಗೆ ಒಂದು ರಾತ್ರಿಯಲ್ಲಿ ಎರಡು ತಿಂಗಳ ಸಂಬಳ ಹೋಯಿತು. ಮರ್ಯಾದೆಗೆ ಅಂಜಿ ಪೊಲೀಸರಿಗೆ ಹೇಳಲಿಲ್ಲ. ಹಾಗೆ ಮಾಡಬೇಡಿ. ಬ್ಯಾಂಕಿಗೆ ತಕ್ಷಣ ಫೋನ್ ಮಾಡಿ ಕಾರ್ಡ್ ನಿಲ್ಲಿಸಿ, ಪೊಲೀಸರಿಗೆ ದೂರು ಕೊಡಿ. ಒಳ್ಳೆಯ ಬಾರ್ ಯಾವುದೂ ಬೀದಿಯಲ್ಲಿ ನಿಂತು ಜನರನ್ನು ಎಳೆಯುವುದಿಲ್ಲ.

ಇನ್ನೊಂದು, ಹೇಳಲು ಬೇಸರವಾಗುತ್ತದೆ, ಆದರೆ ಹೇಳಬೇಕು. ಕೆಲವು ಡಾನ್ಸ್ ಕ್ಲಬ್‌ಗಳ ಬಾಗಿಲಲ್ಲಿ ಮುಖ ನೋಡಿ ಬಿಡುತ್ತಾರೆ. 'ಇವತ್ತು ಖಾಸಗಿ ಪಾರ್ಟಿ' ಎಂದು ಹೇಳಿ ನಮ್ಮಂಥವರನ್ನು ಮಾತ್ರ ವಾಪಸ್ ಕಳಿಸಿದ್ದನ್ನು ಕಂಡಿದ್ದೇನೆ. ಬಾಗಿಲಲ್ಲಿ ಜಗಳಕ್ಕೆ ನಿಲ್ಲಬೇಡಿ, ಬೌನ್ಸರ್ ಜೊತೆ ಮಾತು ಬೆಳೆದರೆ ನಷ್ಟ ನಮಗೇ. ಆದರೆ ಬಣ್ಣ, ದೇಶ ಎತ್ತಿ ಬೈದರೆ, ಬೆದರಿಸಿದರೆ ಸುಮ್ನೆ ಇರಬೇಡಿ. ಪೋಲೆಂಡಿನ ದಂಡ ಸಂಹಿತೆಯಲ್ಲಿ 119 ಮತ್ತು 257ನೇ ಕಲಂಗಳು ಇದಕ್ಕೆಂದೇ ಇವೆ. ಮೇಲೆ ಹೇಳಿದ ಕೂರುವ ಪಬ್‌ಗಳಲ್ಲಿ ನನಗೆ ಇಂಥದ್ದು ಒಮ್ಮೆಯೂ ಆಗಿಲ್ಲ.

ಶನಿವಾರದ ಸ್ಟೆಪ್ಪು

ಎಲ್ಲರೂ ಕೂರುವುದನ್ನೇ ಹೇಳುತ್ತಿದ್ದೀರಿ. ಕುಣಿಯುವವರ ಪರವಾಗಿ ಯಾರಾದರೂ ಮಾತಾಡಬೇಕಲ್ಲ? ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತವನಿಗೆ ಶನಿವಾರ ಮತ್ತೆ ಕೂರು ಅನ್ನುವುದು ನ್ಯಾಯವಲ್ಲ. ಶೆವ್‌ಸ್ಕಾ ಬೀದಿಯ ಸುತ್ತ ನೆಲಮಾಳಿಗೆ ಕ್ಲಬ್‌ಗಳು ಸಾಲಾಗಿವೆ. ಪೋಲಿಷ್ ಹುಡುಗರು ತಮ್ಮ ಅಪ್ಪ ಅಮ್ಮನ ಕಾಲದ ಹಾಡಿಗೆ ಒಂದೇ ಗಂಟಲಲ್ಲಿ ಹಾಡುತ್ತಾ ಕುಣಿಯುವುದನ್ನು ನೋಡಬೇಕು. ಬೆಂಗಳೂರಿನಲ್ಲಿ ಒಂದು ಗಂಟೆಗೆ ದೀಪ ಹಾಕಿ ಮನೆಗೆ ಕಳಿಸುತ್ತಾರೆ. ಇಲ್ಲಿ ಎಷ್ಟೋ ಕಡೆ ಬಾಗಿಲಲ್ಲಿ ಬರೆದಿರುವುದು 'ಕೊನೆಯ ಗಿರಾಕಿ ಇರುವ ತನಕ' ಎಂದು. ಆ ಸ್ವಾತಂತ್ರ್ಯ ದೊಡ್ಡದು. ಅದನ್ನು ಅಗ್ಗದ ಕುಡಿತ ಎಂದು ತಳ್ಳಿಹಾಕಬೇಡಿ.

ಚಳಿಗಾಲದಲ್ಲಿ ಕೋಟು ಇಡಲು ಶಾತ್ನ್ಯಾ ಇರುತ್ತದೆ. ಕೆಲವು ಝ್ಲೋತಿ ತಗೊಂಡು ಚೀಟಿ ಕೊಡುತ್ತಾರೆ. ಬಹಳ ಕಡೆ ಕೋಟು ಇಡದೆ ಒಳಗೆ ಬಿಡುವುದಿಲ್ಲ. ಚೀಟಿ ಜೋಪಾನ. 2010ರ ನವೆಂಬರ್‌ನಿಂದ ಒಳಗೆ ಸಿಗರೇಟು ನಿಷೇಧ, ಹಾಗಾಗಿ ಹೊಗೆಯ ಕಾಟ ಇಲ್ಲ.

ಪೊದ್ಗುಜೆ ವಾಸಿ

ಸ್ಟೆಪ್ಪು ಅವರೇ, ಕುಣಿತಕ್ಕೆ ನನ್ನ ವಿರೋಧವಿಲ್ಲ. ಸಿಂಗರ್‌ನಲ್ಲೇ ತಡರಾತ್ರಿ ಜನ ಎದ್ದು ಕುಣಿಯುತ್ತಾರೆ, ನಾನೂ ಕುಣಿದಿದ್ದೇನೆ. ಆದರೆ ಈ ಊರಿನಲ್ಲಿ ಜನ ವಾಸವೂ ಮಾಡುತ್ತಾರೆ. 2004ರ ಮೇ 1ಕ್ಕೆ ಪೋಲೆಂಡ್ ಯುರೋಪಿಯನ್ ಒಕ್ಕೂಟ ಸೇರಿತು. ಅಗ್ಗದ ವಿಮಾನಗಳು ಬಂದವು. ಮದುವೆಗೆ ಮೊದಲಿನ ಪಾರ್ಟಿಗೆಂದು ಬ್ರಿಟನ್‌ನಿಂದ ಗುಂಪು ಗುಂಪಾಗಿ ಬರತೊಡಗಿದರು. ವಾರಾಂತ್ಯಕ್ಕೆ ಬಂದು, ಕೂಗಾಡಿ, ಹೋಗುವವರು. ಹಳೇ ಊರಿನಲ್ಲಿ ಬಾಡಿಗೆ ಏರಿತು, ನಿವಾಸಿಗಳು ಬಿಟ್ಟು ಹೋದರು. ಉಳಿದವರು ರಾತ್ರಿ ಕಿಟಕಿ ತೆಗೆಯಲಾರರು. ಇಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ನಿಶ್ಶಬ್ದ ಅನ್ನುವ ರೂಢಿ ಎಲ್ಲ ಅಪಾರ್ಟ್‌ಮೆಂಟ್‌ಗಳಲ್ಲೂ ಇದೆ. ಸುಮ್ಮನಿರದಿದ್ದರೆ ಪೊಲೀಸರಿಗೆ ಫೋನ್ ಮಾಡುತ್ತಾರೆ. ನಮ್ಮವರ ಮನೆಗಳಿಗೂ ಬಂದಿದ್ದಾರೆ.

ಕಜಿಮಿಯೆಷ್ ಬಗ್ಗೆ ಇನ್ನೊಂದು ಹೇಳಬೇಕು, ನನಗೆ ಇದು ಮುಖ್ಯ. ಅದು 1335ರಲ್ಲಿ ಬೇರೆಯೇ ಪಟ್ಟಣವಾಗಿ ಕಟ್ಟಿದ್ದು. 15ನೇ ಶತಮಾನದ ಕೊನೆಯಿಂದ ಯಹೂದಿಗಳ ಊರಾಯಿತು. ಯುದ್ಧಕ್ಕೆ ಮೊದಲು ಕ್ರಾಕೋವ್‌ನ ಕಾಲು ಭಾಗದಷ್ಟು ಜನ ಯಹೂದಿಗಳು, 60,000ಕ್ಕೂ ಹೆಚ್ಚು. 1941ರ ಮಾರ್ಚ್‌ನಲ್ಲಿ ನಾಜಿಗಳು ಅವರನ್ನು ನದಿಯಾಚೆಗೆ, ನಾನು ಈಗ ಇರುವ ಪೊದ್ಗುಜೆಗೆ, ಘೆಟ್ಟೋ ಮಾಡಿ ದೂಡಿದರು. 1943ರ ಮಾರ್ಚ್‌ನಲ್ಲಿ ಅದನ್ನೂ ಖಾಲಿ ಮಾಡಿದರು. ಬದುಕಿ ಮರಳಿದವರು ಬಹಳ ಕಡಿಮೆ. ದಶಕಗಳ ಕಾಲ ಕಜಿಮಿಯೆಷ್ ಪಾಳು ಬಿದ್ದಿತ್ತು. 1988ರಲ್ಲಿ ಯಹೂದಿ ಸಂಸ್ಕೃತಿ ಉತ್ಸವ ಶುರುವಾಯಿತು. 90ರ ದಶಕದಲ್ಲಿ ಕೆಫೆಗಳು ಬಂದವು. ಜಾಪ್ಯೆಕಾಂಕಾ ತಿನ್ನುವ ಆ ದುಂಡು ಕಟ್ಟಡ 1900ರ ಮಾರುಕಟ್ಟೆ. ಮುಂದೆ ಯಹೂದಿ ಸಮುದಾಯ ಅಲ್ಲಿ ತಮ್ಮ ಶಾಸ್ತ್ರದಂತೆ ಕೋಳಿ ಕೊಯ್ಯುತ್ತಿತ್ತು. ಅಲ್ಲಿ ಸಂಜೆ ಕಳೆಯುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಬಾರ್‌ಗಳು ಬಾರದಿದ್ದರೆ ಆ ಮನೆಗಳು ಬಿದ್ದೇ ಹೋಗುತ್ತಿದ್ದವೇನೋ. ಆದರೆ ಹಗಲು ಒಮ್ಮೆ ಹೋಗಿ ಸಿನಗಾಗ್‌ಗಳನ್ನು ನೋಡಿ. ಆಮೇಲೆ ಸಂಜೆ ಹೋಗಿ. ಎಲ್ಲಿ ಕೂತಿದ್ದೇವೆ ಎಂದು ತಿಳಿದು ಕೂರುವುದು ಆ ಜಾಗಕ್ಕೆ ನಾವು ಕೊಡುವ ಮರ್ಯಾದೆ.

ಶನಿವಾರದ ಸ್ಟೆಪ್ಪು

ಒಪ್ಪಿದೆ ಸರ್. ಬೀದಿಯಲ್ಲಿ ಕೂಗುವವರ ಪರ ನಾನಿಲ್ಲ. ಕ್ಲಬ್ ಒಳಗೆ ಕುಣಿದು ಸುಮ್ಮನೆ ಮನೆಗೆ ಹೋಗುವವರು ನಾವು. ನಗರಸಭೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ಹಾಕದಿದ್ದರೆ ಸಾಕು.

ಬಾಲ್ಟಿಕ್ ಪೋರ್ಟರ್

ಗಂಡನಿಗೆ ಬಿಯರ್ ಇಷ್ಟ ಅಂದಿರಿ. ಹಾಗಾದರೆ ಅವರಿಗೆ ಇದನ್ನು ಓದಿ ಹೇಳಿ.

ಪೋಲೆಂಡ್ ಅಂದರೆ ವೋಡ್ಕಾ ಅನ್ನುತ್ತಾರೆ. ಆದರೆ ಪಬ್‌ನಲ್ಲಿ ಹೆಚ್ಚು ಜನರ ಕೈಯಲ್ಲಿರುವುದು ಬಿಯರ್. ಜಿವ್ಯೆತ್ಸ್, ತಿಸ್ಕ್ಯೆ, ಒಕೋಚಿಮ್ ಎಲ್ಲ ಕಡೆ ಸಿಗುವ ತೆಳು ಬಿಯರ್‌ಗಳು. ಕುಡಿಯಬಹುದು, ಆದರೆ ಅಲ್ಲಿಗೇ ನಿಲ್ಲಬೇಡಿ. 2011ರಲ್ಲಿ ಪಿಂತಾ ಎಂಬ ಬ್ರೂವರಿ 'ಅತಾಕ್ ಖ್ಮ್ಯೆಲು' ಎಂಬ ಕಹಿ ಬಿಯರ್ ತಂದಿತು. ಅಲ್ಲಿಂದ ಸಣ್ಣ ಬ್ರೂವರಿಗಳ ಅಲೆಯೇ ಎದ್ದಿತು. ಈಗ ಕ್ರಾಕೋವ್‌ನಲ್ಲಿ ಹತ್ತಾರು ನಲ್ಲಿಗಳಿರುವ ಪಬ್‌ಗಳಿವೆ. ಬೋರ್ಡಿನಲ್ಲಿ ಇವತ್ತಿನ ಬಿಯರ್‌ಗಳ ಹೆಸರು, ಆಲ್ಕೋಹಾಲ್ ಪ್ರಮಾಣ ಬರೆದಿರುತ್ತಾರೆ. ಶೆವ್‌ಸ್ಕಾದ 'ಮುಲ್ತಿ ಕುಲ್ತಿ', ಸೇಂಟ್ ಥಾಮಸ್ ಬೀದಿಯ 'ಹೌಸ್ ಆಫ್ ಬಿಯರ್' ಎರಡೂ ನನ್ನ ಅಡ್ಡೆಗಳು. ಚಿಕ್ಕ ಲೋಟದಲ್ಲಿ ಕೇಳಿ, ಮೂರು ನಾಲ್ಕು ರುಚಿ ನೋಡಬಹುದು.

ಎರಡು ಬಿಯರ್ ಮಾತ್ರ ತಪ್ಪಿಸಬೇಡಿ. ಒಂದು ಗ್ರೊಜಿಸ್ಕ್ಯೆ. ಓಕ್ ಹೊಗೆಯಲ್ಲಿ ಒಣಗಿಸಿದ ಗೋಧಿಯಿಂದ ಮಾಡುವ, ಹಗುರವಾದ, ನೊರೆ ತುಂಬಿದ ಬಿಯರ್. ಅದು ಹುಟ್ಟಿದ ಊರಿನ ಬ್ರೂವರಿ 1993ರಲ್ಲಿ ಮುಚ್ಚಿತು. ಬಿಯರ್ ಜಾತಿಯೇ ಅಳಿಯಿತು ಅಂದುಕೊಂಡಿದ್ದರು. ಮನೆಯಲ್ಲಿ ಬಿಯರ್ ಮಾಡುವ ಹವ್ಯಾಸಿಗಳು ಅದನ್ನು ಬಿಡದೆ ಉಳಿಸಿಕೊಂಡರು. 2015ರಲ್ಲಿ ಬ್ರೂವರಿ ಮತ್ತೆ ತೆರೆಯಿತು. ಒಂದು ರುಚಿಗಾಗಿ ಜನ ಇಷ್ಟು ಪಾಡು ಪಟ್ಟರು ಅನ್ನುವುದೇ ನನಗೆ ಸಂತೋಷ.

ಇನ್ನೊಂದು ನನ್ನ ಹೆಸರಿನದ್ದು. ಬಾಲ್ಟಿಕ್ ಪೋರ್ಟರ್. ಕಡುಕಪ್ಪು, ಒಣದ್ರಾಕ್ಷಿ, ಸುಟ್ಟ ಬೆಲ್ಲದ ವಾಸನೆ. ಜಿವ್ಯೆತ್ಸ್‌ನವರು 1881ರಿಂದ ಮಾಡುತ್ತಾ ಬಂದಿದ್ದಾರೆ. ಆಲ್ಕೋಹಾಲ್ ಶೇಕಡಾ 9ರ ಮೇಲೆ, ಅರ್ಧ ಲೀಟರ್ ಗಟಗಟ ಕುಡಿಯುವ ಬಿಯರ್ ಅಲ್ಲ. ಪ್ರತಿ ಜನವರಿಯ ಮೂರನೇ ಶನಿವಾರ ಇದಕ್ಕೆಂದೇ ಒಂದು ದಿನ. ಪಬ್‌ಗಳಲ್ಲೆಲ್ಲ ಬೇರೆ ಬೇರೆ ಬ್ರೂವರಿಯ ಪೋರ್ಟರ್ ಇಡುತ್ತಾರೆ. ಹೊರಗೆ ಹಿಮ, ಒಳಗೆ ಪೋರ್ಟರ್. ಬೇರೇನೂ ಬೇಡ.

ಮೇಡಂ, ನಿಮಗೆ ವೈನ್ ಬೇಡವಾದ ದಿನ ಬಿಸಿ ಬಿಯರ್ ಕೇಳಿ. ಲವಂಗ, ಶುಂಠಿ, ಜೇನು ಹಾಕಿ ಬಿಸಿ ಮಾಡಿ ಕೊಡುತ್ತಾರೆ. ರಾಸ್ಪ್‌ಬೆರಿ ಸಿರಪ್ ಹಾಕಿದ ಬಿಯರ್ ಅನ್ನು ಸ್ಟ್ರಾದಲ್ಲಿ ಕುಡಿಯುವವರನ್ನೂ ಎಲ್ಲೆಲ್ಲೂ ಕಾಣುತ್ತೀರಿ.

ವೋಡ್ಕಾದಲ್ಲಿ ಜುಬ್ರೂಫ್ಕಾ ನೋಡಿ. ಬಾಟಲಿಯೊಳಗೆ ಒಂದು ಹುಲ್ಲಿನ ಎಸಳಿರುತ್ತದೆ, ಬ್ಯವೊವ್ಯೆಜಾ ಕಾಡಿನ ಕಾಡೆಮ್ಮೆ ಹುಲ್ಲು. ಸೇಬಿನ ರಸದ ಜೊತೆ ಚೆನ್ನಾಗಿರುತ್ತದೆ. ಪೋಲಿಷ್ ಗೆಳೆಯರ ಜೊತೆ ವೋಡ್ಕಾಗೆ ಕೂತರೆ ಹೊಟ್ಟೆಗೆ ಏನಾದರೂ ಹಾಕುತ್ತಾ ಇರಿ. ಅವರೂ ಹಾಗೇ ಮಾಡುತ್ತಾರೆ. ಅವರ ವೇಗಕ್ಕೆ ನಿಲ್ಲಲು ಹೋಗಬೇಡಿ. ಸಾಕು ಅಂದರೆ ಬಲವಂತ ಮಾಡುವವರು ಈಗ ಕಡಿಮೆ.

ಕಾನೂನು ಕಣ್ಣು

ರುಚಿ ಎಲ್ಲ ಆಯಿತು, ದಂಡದ ವಿಷಯ ಯಾರೂ ಹೇಳಲಿಲ್ಲ.

ಬೀದಿಯಲ್ಲಿ, ಉದ್ಯಾನದಲ್ಲಿ ಬಾಟಲಿ ತೆರೆದು ಕುಡಿಯುವಂತಿಲ್ಲ. 1982ರ ಮದ್ಯ ನಿಯಂತ್ರಣ ಕಾಯ್ದೆಯ ಪ್ರಕಾರ 100 ಝ್ಲೋತಿ ದಂಡ. ರೀನೆಕ್‌ನಲ್ಲಿ ಕೆಫೆಯವರು ಬೇಲಿ ಹಾಕಿ ಮೇಜು ಇಟ್ಟ ಜಾಗದಲ್ಲಿ ಮಾತ್ರ ಸರಿ. ತೀರಾ ಕುಡಿದು ಬಿದ್ದರೆ ಪೊಲೀಸರು ಅಮಲು ಇಳಿಸುವ ಕೇಂದ್ರಕ್ಕೆ ಒಯ್ಯುತ್ತಾರೆ, ಅಲ್ಲಿನ ಖರ್ಚು ಕುಡಿದವರದ್ದೇ. 18 ತುಂಬಿರಬೇಕು, ಗುರುತಿನ ಚೀಟಿ ಕೇಳುತ್ತಾರೆ.

2023ರ ಜುಲೈ 1ರಿಂದ ಕ್ರಾಕೋವ್ ಪೂರ್ತಿ ರಾತ್ರಿ 12ರಿಂದ ಬೆಳಗ್ಗೆ 5:30ರ ತನಕ ಅಂಗಡಿ, ಪೆಟ್ರೋಲ್ ಬಂಕ್‌ಗಳಲ್ಲಿ ಮದ್ಯ ಮಾರಾಟ ಇಲ್ಲ. ಬಾರ್‌ಗಳಿಗೆ ಇದು ಅನ್ವಯಿಸುವುದಿಲ್ಲ. ನನ್ನ ಪ್ರಕಾರ ಇದು ಒಳ್ಳೆಯ ತೀರ್ಮಾನ. ಕುಡಿಯುವವರು ಒಳಗೆ ಕೂತು ಕುಡಿಯಲಿ, ಮಲಗುವವರು ಮಲಗಲಿ.

ವಾಹನದ ವಿಷಯದಲ್ಲಿ ಕರುಣೆಯೇ ಇಲ್ಲ. ರಕ್ತದಲ್ಲಿ ಸಾವಿರಕ್ಕೆ 0.2 ದಾಟಿದರೆ ತಪ್ಪು, 0.5 ದಾಟಿದರೆ ಅಪರಾಧ. 2024ರ ಮಾರ್ಚ್‌ನಿಂದ 1.5 ದಾಟಿದವರ ಕಾರನ್ನೇ ಮುಟ್ಟುಗೋಲು ಹಾಕುವ ನಿಯಮ ಬಂದಿದೆ. ಬಹಳ ಜನ ಭಾರತೀಯರಿಗೆ ತಿಳಿಯದ ಸಂಗತಿ ಇನ್ನೊಂದು. ಸೈಕಲ್ಲು, ಎಲೆಕ್ಟ್ರಿಕ್ ಸ್ಕೂಟರ್ ಕೂಡ ಲೆಕ್ಕಕ್ಕೆ ಬರುತ್ತವೆ. 0.5 ದಾಟಿ ಸೈಕಲ್ ತುಳಿದರೆ 2,500 ಝ್ಲೋತಿ ದಂಡ. ಪಬ್ ಮುಂದೆ ಬಾಡಿಗೆ ಸ್ಕೂಟರ್ ನಿಂತಿರುತ್ತದೆ, ಆಸೆಯಾಗುತ್ತದೆ. ಹತ್ತಬೇಡಿ.

ಓದ್ರಾ ದಂಡೆ

ನಾನು ವ್ರೊತ್ಸ್ವಾಫ್‌ನವನು. ನಮ್ಮ ಊರಿಗೂ ಒಂದು ವಾರಾಂತ್ಯ ಬನ್ನಿ. ಓದ್ರಾ ನದಿಯ ದಂಡೆ, ದ್ವೀಪಗಳು ಬೇಸಿಗೆಯ ಸಂಜೆಗೆ ಬಹಳ ಚೆಂದ. ಮ್ಲೆಚಾರ್ನ್ಯಾ ನಮ್ಮಲ್ಲೂ ಇದೆ, ಅದೇ ಹೆಸರು, ಅದೇ ಮೇಣದ ಬತ್ತಿ, ಪಕ್ಕದ ಅಂಗಳದಲ್ಲಿ ಸಿನಗಾಗ್. ಕ್ರಾಕೋವ್‌ನಷ್ಟು ನೂಕುನುಗ್ಗಲಿಲ್ಲ. ಕನ್ನಡದವರೂ ಇದ್ದೇವೆ, ತಿಳಿಸಿದರೆ ಸೇರೋಣ.

ಹೊಸಕೆರೆಹಳ್ಳಿ ಹುಡುಗಿ

ಎಲ್ಲವನ್ನೂ ಗಂಡನಿಗೂ ನಾದಿನಿಗೂ ಓದಿ ಹೇಳಿದೆ. ಪೋರ್ಟರ್ ದಿನ ಈಗಲೇ ಕ್ಯಾಲೆಂಡರ್‌ನಲ್ಲಿ ಗುರುತಾಗಿದೆ. ನಾದಿನಿಗೆ ಸಿಂಗರ್‌ನ ಹೊಲಿಗೆ ಯಂತ್ರ ನೋಡಬೇಕಂತೆ, ಅವಳ ಅಜ್ಜಿಯ ಮನೆಯಲ್ಲೂ ಅದೇ ಇತ್ತು. ಮೊದಲ ಶನಿವಾರ ಹಗಲು ಕಜಿಮಿಯೆಷ್ ಸಿನಗಾಗ್‌ಗಳು, ಸಂಜೆ ಅಲ್ಲೇ ಎಲ್ಲಾದರೂ ಕೂರುವುದು ಎಂದು ಮಾಡಿದ್ದೇವೆ. ಪೊದ್ಗುಜೆ ಸರ್, ಆ ಮಾತು ಮನಸ್ಸಿಗೆ ತಾಗಿತು.

ಕೊನೆಯದಾಗಿ, ಜಾಝ್ ಮುಗಿದ ಮೇಲೆ ರುಚಾಯ್‌ಗೆ ವಾಪಸ್ ಹೋಗುವುದು ಹೇಗೆ? ಟ್ಯಾಕ್ಸಿಯೇ ಗತಿಯಾ?

ರಾತ್ರಿ ಪಾಳಿ

ಇಲ್ಲ, ರಾತ್ರಿಯಿಡೀ ಸಾರಿಗೆ ಇದೆ. 62, 64, 69 ಎಂಬ ರಾತ್ರಿ ಟ್ರಾಮ್‌ಗಳು ಓಡುತ್ತವೆ. ಊರೊಳಗಿನ ರಾತ್ರಿ ಬಸ್ಸುಗಳ ನಂಬರ್ 6ರಿಂದ ಶುರುವಾಗುತ್ತದೆ, ಮೂರು ಅಂಕಿ. ಹಗಲಿನಷ್ಟು ಬೇಗ ಬೇಗ ಬರುವುದಿಲ್ಲ. ಹಾಗಾಗಿ ಹೊರಡುವ ಮುಂಚೆ 'ಯಾಕ್‌ದೊಯಾದೆ' ಆ್ಯಪ್‌ನಲ್ಲಿ ಹೊತ್ತು ನೋಡಿ. ಅಲ್ಲೇ ಟಿಕೆಟ್ಟೂ ತಗೋಬಹುದು. ಹತ್ತಿದ ತಕ್ಷಣ ಟಿಕೆಟ್ ಚಾಲೂ ಮಾಡಿ. ತಪ್ಪಿದರೆ ಆ್ಯಪ್ ಟ್ಯಾಕ್ಸಿ ಕರೆಸಿ. ಬೀದಿಯಲ್ಲಿ ತಾವಾಗಿ ಬಂದು ಕರೆಯುವ ಕಾರು ಬೇಡ. ಬಂದ ಮೇಲೆ ಮೆಸೇಜ್ ಮಾಡಿ, ನನಗೆ ಪಾಳಿ ಇಲ್ಲದ ದಿನ ಒಟ್ಟಿಗೆ ಹೋಗೋಣ.